ನಾನೂರ ಹನ್ನೆರಡು ಬಾಗಿಲು

ಮಾರ್ಚ್ 3, ಸೋಮವಾರ

ಇವರು ಹಡಗು ಹತ್ತುವ ಮುನ್ನ ಕೈಗಿಟ್ಟು ಹೋದ ಡೈರಿ ಇದು. ಎರಡು ತಿಂಗಳು ಖಾಲಿ ಬಿಟ್ಟೆ, ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಇವತ್ತು ನಡೆದಿದೆ, ಹೇಳಿಕೊಳ್ಳಲು ಮನೆಯಲ್ಲಿ ಅತ್ತೆಯವರ ಹೊರತು ಯಾರೂ ಇಲ್ಲ. ಅವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ "ಕಂಪ್ಯೂಟರಿಗೆ ಬೀಗ ಮಾಡ್ತಾಳೆ" ಅಂದುಬಿಡುತ್ತಾರೆ.

ಹಾಗೆ ನೋಡಿದರೆ ಅದು ತಪ್ಪೂ ಅಲ್ಲ. ನಮ್ಮ ಪ್ಲಗಿನ್ ಹೆಸರೇ ಅಗುಳಿ. ವೆಬ್‌ಸೈಟಿಗೆ ಇದನ್ನು ಸೇರಿಸಿಕೊಂಡರೆ ಕಳ್ಳರು ಒಳಗೆ ನುಗ್ಗದಂತೆ ಕಾಯುತ್ತದೆ. ಹನ್ನೊಂದು ಸಾವಿರ ಸೈಟುಗಳು ಇದನ್ನೇ ನಂಬಿಕೊಂಡಿವೆ. ಹಿಂದೆ ಇರುವುದು ಮೂರೇ ಜನ, ಲಾಂಡ್ರಿ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ. ಮೇಷ್ಟ್ರು ಹದಿನೆಂಟು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿದವರು. ಶಾಲೆಯ ಸೈಟನ್ನು ಯಾರೋ ಕೆಡಿಸಿದಾಗ ರೇಗಿ ಅಗುಳಿ ಬರೆಯಲು ಕೂತವರು ಮತ್ತೆ ತರಗತಿಗೆ ಹೋಗಲಿಲ್ಲ. ಈಗ ಕೋಡ್ ಬರೆಯುವವಳು ನಾನು. ನಾನು ಕಟ್ಟಿದ್ದನ್ನು ಒಡೆದು ನೋಡುವುದು ತರಲೆಯ ಕೆಲಸ. ಅವನಿಗೆ ಬೇರೆ ಹೆಸರಿದೆ, ಅದು ಅವನಿಗೂ ಮರೆತಿರಬೇಕು.

ಬೆಳಿಗ್ಗೆ ಗುರುತಿಲ್ಲದ ಹೆಂಗಸೊಬ್ಬಳ ಮೇಲ್ ಬಂತು. ಇಂಥ ಬೀಗಗಳಲ್ಲಿ ಬಿರುಕು ಹುಡುಕುವುದೇ ಅವಳ ಕಸುಬು. ಅಗುಳಿಯಲ್ಲಿ ಒಂದು ಸಿಕ್ಕಿದೆಯಂತೆ, ಗೊತ್ತಿದ್ದವನು ಅರ್ಧ ನಿಮಿಷದಲ್ಲಿ ಒಳಗೆ ಬರಬಹುದಂತೆ. ಮೂರು ವಾರ ಸುಮ್ಮನಿರುತ್ತಾಳೆ. ಇಪ್ಪತ್ತನಾಲ್ಕನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ಲೋಕಕ್ಕೆಲ್ಲ ತಿಳಿಯುವಂತೆ ಪ್ರಕಟಿಸುತ್ತಾಳೆ. ಅಷ್ಟರೊಳಗೆ ನಾವು ಸರಿಮಾಡಬೇಕು. ಇದು ನಮ್ಮ ಕಸುಬಿನ ರೂಢಿ, ಗಡುವಿಲ್ಲದಿದ್ದರೆ ನಮ್ಮಂಥವರು ನಾಳೆ ನಾಡಿದ್ದು ಅನ್ನುತ್ತಲೇ ಇರುತ್ತೇವೆ. ಅದೆಲ್ಲ ಸರಿ. ಆದರೂ ನನ್ನ ಕೋಡಿನಲ್ಲಿ ಅವಳು ಬೆರಳಿಟ್ಟು ತೋರಿಸಿದ್ದಕ್ಕೆ ಹೊಟ್ಟೆ ಉರಿಯಿತು.

ಮಾರ್ಚ್ 5, ಬುಧವಾರ

ಬಿರುಕು ಮುಚ್ಚಿದೆ. ಎರಡೇ ದಿನ! ಅಗುಳಿ ಇರುವ ಪ್ರತಿ ಸೈಟೂ ಗಂಟೆಗೊಮ್ಮೆ ನಮ್ಮ ಸರ್ವರನ್ನು "ಹೊಸದೇನಾದರೂ ಇದೆಯಾ?" ಎಂದು ಕೇಳುತ್ತದೆ, ಇದ್ದರೆ ತಾನೇ ಹಾಕಿಕೊಳ್ಳುತ್ತದೆ. ಸಂಜೆಯೊಳಗೆ ಹೆಚ್ಚುಕಡಿಮೆ ಎಲ್ಲರೂ ಹಾಕಿಕೊಂಡಾಯಿತು. ಉಳಿದದ್ದು 412.

ಈ 412 ನಮಗೆ ಹಳೆಯ ಪರಿಚಯ. ಮೂರು ವರ್ಷದಿಂದ ಒಂದೇ ಒಂದು ಅಪ್‌ಡೇಟ್ ತೆಗೆದುಕೊಂಡಿಲ್ಲ. ನಾನು ಅವರಿಗೆ ಸೋಮಾರಿ ಸಂಘ ಎಂದು ಹೆಸರಿಟ್ಟಿದ್ದೇನೆ. ಬಾಗಿಲು ತೆರೆದಿಟ್ಟು ಮಲಗುವವರ ಮನೆಗೆ ಕಳ್ಳ ಬಂದರೆ ಬೀಗ ಮಾಡಿದವಳು ಏನು ಮಾಡಲಿ ಎಂದು ಮೇಷ್ಟ್ರಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು, ಅಷ್ಟೇ.

ಬೇಗ ಮನೆಗೆ ಬಂದೆ. ಅತ್ತೆಯವರ ಕೋಣೆಯ ಬಾಗಿಲು ಹಾಕಿತ್ತು. ಬುಧವಾರ ಮಧ್ಯಾಹ್ನ ಟ್ಯಾಬ್ ಹಿಡಿದು ಒಳಗೆ ಕೂತರೆ ಹೊರಗೆ ಬರುವುದಿಲ್ಲ. ಧಾರಾವಾಹಿ ಇರಬೇಕು.

ಮಾರ್ಚ್ 6, ಗುರುವಾರ

ತರಲೆ ಆ ಹಳೆಯ ಅಗುಳಿಯನ್ನು ತನ್ನ ಯಂತ್ರದಲ್ಲಿ ಹಾಕಿಕೊಂಡು ಅಪ್‌ಡೇಟ್ ಒತ್ತಿ ನೋಡಿದ. ಆಮೇಲೆ ಕುರ್ಚಿ ತಿರುಗಿಸಿ "ಅಕ್ಕಾ, ಇವರು ಸೋಮಾರಿಗಳಲ್ಲ. ಅಗುಳಿನೇ ನಮ್ಮನ್ನ ಕಳ್ಳರು ಅಂತ ಹೊರಗೆ ನಿಲ್ಲಿಸಿದೆ" ಅಂದ.

"ಹೌದಾ? ವಿಚಿತ್ರ" ಅಂದೆ. ವಿಚಿತ್ರ ಏನೂ ಅಲ್ಲ. ಕೇಳಿದ ತಕ್ಷಣ ನನಗೆ ಎಲ್ಲ ನೆನಪಾಯಿತು.

ಮಾರ್ಚ್ 7, ಶುಕ್ರವಾರ

ಹೇಳಿಬಿಟ್ಟೆ.

ನಾವು ಕಳಿಸುವ ಪ್ರತಿ ಅಪ್‌ಡೇಟ್ ಮೇಲೂ ನಮ್ಮ ಡಿಜಿಟಲ್ ಮುದ್ರೆ ಇರುತ್ತದೆ. ಮುದ್ರೆ ಇಲ್ಲದ್ದನ್ನು ಅಗುಳಿ ಮುಟ್ಟುವುದಿಲ್ಲ. ಮೂರು ವರ್ಷದ ಹಿಂದೆ, ಪರೀಕ್ಷೆಗೆಂದು ನಾನೇ ಒಂದು ನಕಲಿ ದಾಳಿ ಬರೆದಿದ್ದೆ. ಅದಕ್ಕೆ ನಕಲಿ ಮುದ್ರೆ ಮಾಡಲು ಬೇಸರವಾಗಿ ನಮ್ಮ ಅಸಲಿ ಮುದ್ರೆಯನ್ನೇ ಒತ್ತಿದೆ. ಅಗುಳಿ ಕಳ್ಳನನ್ನು ಹಿಡಿಯಿತು, ಮುದ್ರೆಯನ್ನು ಕಪ್ಪುಪಟ್ಟಿಗೆ ಬರೆದುಕೊಂಡಿತು, ನಾನು ಚಪ್ಪಾಳೆ ತಟ್ಟಿದೆ. ಆ ಪಟ್ಟಿ ಅಳಿಸುವುದನ್ನು ಮರೆತೆ. ಹೊಸದಾಗಿ ಅಗುಳಿ ಹಾಕಿಕೊಳ್ಳುವವರ ಕೈಗೆ ಅದು ಒಂಬತ್ತು ದಿನ ಹಾಗೇ ಹೋಯಿತು. ಆ ವಾರವೇ ಯಾವುದೋ ಪತ್ರಿಕೆ ನಮ್ಮ ಬಗ್ಗೆ ನಾಲ್ಕು ಸಾಲು ಬರೆದು ಜನ ಮುಗಿಬಿದ್ದಿದ್ದರು. ನೆನಪಾದಾಗ ಸದ್ದಿಲ್ಲದೆ ಅಳಿಸಿದೆ, ಯಾರಿಗೂ ಹೇಳಲಿಲ್ಲ. ಹೋದವರ ಗತಿ ಏನು ಎಂದು ಯೋಚಿಸಲೂ ಇಲ್ಲ.

ಈಗ ಆ 412 ಸೈಟುಗಳಿಗೆ ಮುದ್ರೆ ಇದ್ದರೆ ಕಳ್ಳ, ಇಲ್ಲದಿದ್ದರೂ ಕಳ್ಳ. ಹೊರಗಿನಿಂದ ದಾರಿಯೇ ಇಲ್ಲ. ಒಡೆಯರೇ ಒಳಗಿನಿಂದ ಹಳೆಯ ಅಗುಳಿ ಕಿತ್ತು ಹೊಸದು ಹಾಕಬೇಕು. ಒಡೆಯರು ಯಾರೆಂದು ನಮಗೆ ಗೊತ್ತಿಲ್ಲ. ಬೀಗ ಮಾಡುವವರು ಮನೆಯವರ ವಿವರ ಇಟ್ಟುಕೊಳ್ಳಬಾರದು ಅನ್ನುವುದು ಮೇಷ್ಟ್ರ ಹಟ. ನಮ್ಮ ಹತ್ತಿರ ಇರುವುದು ಸೈಟಿನ ವಿಳಾಸ ಮಾತ್ರ.

ಮೇಷ್ಟ್ರು ಬೈಯುತ್ತಾರೆ ಅಂದುಕೊಂಡಿದ್ದೆ. ಬೋರ್ಡಿನ ಹತ್ತಿರ ಹೋಗಿ 412 ಎಂದು ದೊಡ್ಡದಾಗಿ ಬರೆದರು.

"ತಪ್ಪು ಲೆಕ್ಕ ರಬ್ಬರಲ್ಲಿ ಅಳಿಸೋ ಮಕ್ಕಳಿಗೆ ನಾನು ಅಂಕ ಕೊಡ್ತಿರಲಿಲ್ಲಮ್ಮ. ಅಡ್ಡಗೆರೆ ಎಳೀಬೇಕು, ಪಕ್ಕದಲ್ಲೇ ಸರಿ ಮಾಡಬೇಕು. ನೀನು ಆವತ್ತು ಅಳಿಸಿದೆ. ಇವತ್ತು ಗೆರೆ ಎಳೆದೆ. ಈಗ ಸರಿ ಮಾಡೋಣ."

ಆ ಹೆಂಗಸಿಗೆ ಗಡುವು ಮುಂದಕ್ಕೆ ಹಾಕಲು ಬರೆದರು. ಉತ್ತರ ಸಂಜೆಯೇ ಬಂತು. ಬೇರೆ ಯಾರೋ ಇದೇ ಬಿರುಕಿನ ವಾಸನೆ ಹಿಡಿದಿದ್ದಾರಂತೆ, ತಡ ಮಾಡಿದರೆ ಉಳಿದವರಿಗೂ ಅಪಾಯವಂತೆ. 24 ಅಂದರೆ 24.

ಮಾರ್ಚ್ 8, ಶನಿವಾರ

ತಮ್ಮ ಸೈಟಿನಲ್ಲಿ ಮೇಲ್ ವಿಳಾಸ ಹಾಕಿದ್ದವರಿಗೆಲ್ಲ ನಿನ್ನೆಯೇ ಬರೆದಾಯಿತು. ಏಳು ಜನ ಉತ್ತರಿಸಿದರು. 405.

ಉಳಿದದ್ದು ಫೋನ್. ಒಂದೊಂದೇ ಸೈಟ್ ತೆರೆದು ನಂಬರ್ ಹುಡುಕಬೇಕು. ನಾನೋ ಇವರ ಹತ್ತಿರವೂ ಮೆಸೇಜಿನಲ್ಲೇ ಜಗಳ ಆಡುವವಳು. ಆದರೂ ಎದೆ ಗಟ್ಟಿ ಮಾಡಿ ಇಪ್ಪತ್ತು ಕಡೆ ಮಾಡಿದೆ. "ಅಗುಳಿಯಿಂದ ಮಾತಾಡ್ತಿದ್ದೀನಿ. ನಿಮ್ಮ ಆವೃತ್ತಿ ಹಳೇದಾಗಿದೆ, ಸೈಟಿಗೆ ಅಪಾಯ ಇದೆ, ಲಾಗಿನ್ ಆಗಿ ನಾನು ಹೇಳಿದ ಹಾಗೆ ಮಾಡಿ." ಇಪ್ಪತ್ತೂ ಜನ ಇಟ್ಟುಬಿಟ್ಟರು. ಕೊನೆಯವರು, ಯಾರೋ ದರ್ಜಿ, ಇಡುವ ಮುನ್ನ ಓದಿ ಹೇಳಿದರು:

"ನೋಡಮ್ಮ, ಅಗುಳಿಯವರ ಪುಟದಲ್ಲೇ ಇದೆ. ಅಗುಳಿಯವರು ಎಂದೂ ಫೋನ್ ಮಾಡುವುದಿಲ್ಲ. ಮಾಡಿದರೆ ಅದು ಕಳ್ಳರು, ತಕ್ಷಣ ಇಟ್ಟುಬಿಡಿ. ಅದಕ್ಕೇ ಇಡ್ತಿದೀನಿ."

ಆ ಸಾಲು ಬರೆದವಳು ನಾನೇ. ದಪ್ಪಕ್ಷರ ಮಾಡಿದವಳೂ ನಾನೇ. ತರಲೆ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ನನಗೆ ಅಳು ಬರುತ್ತಿತ್ತು.

ಮಾರ್ಚ್ 9, ಭಾನುವಾರ

ಬಾಲ್ಕನಿಯಲ್ಲಿ ನಿಂತು ಫೋನ್ ಮಾತು ಅಭ್ಯಾಸ ಮಾಡುತ್ತಿದ್ದೆ. ಅತ್ತೆಯವರು ಒಗೆದ ಬಟ್ಟೆ ಹಿಡಿದು ಬಂದವರು ನಿಂತರು.

"ಯಾರ ಹತ್ರ ಹಾಗೆ ಮಾತಾಡ್ತಿದ್ದೀಯ? ಪೊಲೀಸ್ ಥರ?"

ಸಿಟ್ಟಿನಲ್ಲೇ ಎಲ್ಲ ಹೇಳಿದೆ, ತಲೆಗೆ ಹೋಗಲಿಕ್ಕಿಲ್ಲ ಎಂಬ ಧೈರ್ಯದಲ್ಲಿ. ಮುದ್ರೆ, ಕಪ್ಪುಪಟ್ಟಿ, ದಪ್ಪಕ್ಷರ. ಅವರು ಬಟ್ಟೆ ಹರವುತ್ತಲೇ ಕೇಳಿದರು.

"ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತವಳು ನಾನು. ನೀನು ಹೀಗೆ ಮಾತಾಡಿದ್ರೆ ನಾನೂ ಇಟ್ಟುಬಿಡ್ತಿದ್ದೆ."

"ಮತ್ತೇನು ಹೇಳ್ಬೇಕು ಅತ್ತೆ?"

"ಮೊದಲು ತಪ್ಪು ನಮ್ಮದು ಅನ್ನು. ನಿನ್ನ ತಪ್ಪಿಗೆ ಅವರ ಮೇಲೆ ಯಾಕೆ ಮುಖ ಊದಿಸ್ಕೋತೀಯ? ಆಮೇಲೆ ನನ್ನ ನಂಬಬೇಡಿ ಅನ್ನು. ಫೋನ್ ಇಡಿ, ನಿಮ್ಮ ಹತ್ರ ಇರೋ ಅಗುಳಿ ಪುಟ ನೀವೇ ತೆಗೀರಿ, ಅಲ್ಲಿರೋ ನಂಬರಿಗೆ ನೀವೇ ಮಾಡಿ ಅನ್ನು. ನಮ್ಮಲ್ಲಿ ಅನುಮಾನದ ಕಾಲ್ ಬಂದ್ರೆ ಹಾಗೇ ಮಾಡ್ತಿದ್ವಿ. ಮರಳಿ ಮಾಡಿದ್ರೆ ಅಸಲಿ."

"ಪುಟದಲ್ಲಿ ನಮ್ಮ ನಂಬರೇ ಇಲ್ಲ."

"ಯಾಕಿಲ್ಲ?"

ನಾನೇ ಹಾಕಿರಲಿಲ್ಲ. ಜನ ಫೋನ್ ಮಾಡಿಬಿಡುತ್ತಾರೆಂದು.

ಮಾರ್ಚ್ 10, ಸೋಮವಾರ

ನಂಬರ್ ಹಾಕಿದೆ. ದಪ್ಪಕ್ಷರದ ಸಾಲನ್ನು ತಿದ್ದಿದೆ. ಬೆಳಿಗ್ಗೆ ನಾನು ಚಪ್ಪಲಿ ಹಾಕುವಷ್ಟರಲ್ಲಿ ಅತ್ತೆಯವರು ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಒಂದು ದಿನ ತೋರಿಸ್ಕೊಟ್ಟು ಬರ್ತೀನಿ" ಅಂದರು.

ಮೇಷ್ಟ್ರು ಎದ್ದು ನಿಂತು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಅತ್ತೆ ಹೆಡ್‌ಫೋನ್ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿದರು. ಆ ದನಿ ನಾನು ಮನೆಯಲ್ಲಿ ಕೇಳಿಯೇ ಇಲ್ಲ. "ನಮಸ್ಕಾರ. ತಪ್ಪು ನಮ್ಮದು, ಎರಡು ನಿಮಿಷ ನಿಮ್ಮದು ಬೇಕಿತ್ತು." ಮೊದಲನೆಯವರು, ಡ್ರೈವಿಂಗ್ ಸ್ಕೂಲಿನವರು, ಐದೇ ನಿಮಿಷದಲ್ಲಿ ಮರಳಿ ಫೋನ್ ಮಾಡಿದರು. "ಹೇಳಿ ತಾಯೀ, ಮೊದಲ ಗೇರ್ ಯಾವುದು?" ಸಂಜೆಗೆ ಬೋರ್ಡಿನಲ್ಲಿ 381. ದರ್ಜಿಯವರೂ ಸೇರಿ.

ಮಾರ್ಚ್ 13, ಗುರುವಾರ

290. ಅತ್ತೆಯ ಒಂದು ದಿನ ಇನ್ನೂ ಮುಗಿದಿಲ್ಲ. ಕೆಲಸವನ್ನೆಲ್ಲ ನಾಲ್ಕು ಹೆಜ್ಜೆ ಮಾಡಿ ರಟ್ಟಿನ ಮೇಲೆ ಬರೆಸಿ ಗೋಡೆಗೆ ಅಂಟಿಸಿದ್ದಾರೆ. ತರಲೆ ನಂಬರ್ ಹುಡುಕುತ್ತಾನೆ, ಅತ್ತೆ ಮಾಡುತ್ತಾರೆ, ಮರಳಿ ಬಂದ ಕಾಲ್ ಎತ್ತುವವರು ನಾನು ಮತ್ತು ಮೇಷ್ಟ್ರು. ಪಾರಿವಾಳ ಸಾಕುವವರೊಬ್ಬರ ಜೊತೆ ಮಾತಾಡುವಾಗ ಹಿಂದೆ ಗುಟುರುಗುಟುರು ಎಂದು ನೂರು ಹಕ್ಕಿ. ಅವರು ಕೈ ಬಿಡುವಿಲ್ಲ ಎಂದು ಹೆಂಡತಿಗೆ ಫೋನ್ ಕೊಟ್ಟರು, ಆಕೆ ನನಗಿಂತ ಬೇಗ ಮುಗಿಸಿದರು.

ಮಧ್ಯಾಹ್ನ ಕೃತಕ ಕಾಲು ಮಾಡುವವರೊಬ್ಬರು. ಅವರ ಸೈಟಿನಲ್ಲಿ ಆರುನೂರು ಜನರ ಅಳತೆ, ವಿಳಾಸ, ಕಾಲು ಹೋದ ಕಥೆ ಎಲ್ಲ ಇದೆ. ಪ್ರತಿ ಸೋಮವಾರ ಅಂಗಡಿ ತೆರೆದ ಮೇಲೆ ಅವರ ಮೊದಲ ಕೆಲಸ ಅಪ್‌ಡೇಟ್ ಗುಂಡಿ ಒತ್ತುವುದಂತೆ. ಮೂರು ವರ್ಷ. ಆಗುತ್ತಿಲ್ಲ ಎಂದು ನಮಗೆ ನಾಲ್ಕು ಸಲ ಬರೆದಿದ್ದರಂತೆ. ಹುಡುಕಿದೆ. ನಾಲ್ಕಕ್ಕೂ ನನ್ನದೇ ಉತ್ತರ ಇತ್ತು: ದಯವಿಟ್ಟು ಇನ್ನೊಮ್ಮೆ ಪ್ರಯತ್ನಿಸಿ.

ಅವರು ಬೈಯಲಿಲ್ಲ. "ಅದಕ್ಕೇ ಪ್ರಯತ್ನಿಸ್ತಾನೇ ಇದ್ದೆ" ಅಂದರು. ಸೋಮಾರಿ ಸಂಘ ಎಂದು ಬರೆದಿದ್ದ ಫೈಲಿನ ಹೆಸರು ಬದಲಿಸಿದೆ.

ಮಾರ್ಚ್ 17, ಸೋಮವಾರ

131. ಗಂಟಲು ಪೂರ್ತಿ ಹೋಗಿದೆ. ಅತ್ತೆ ಉಪ್ಪುನೀರು ಕೊಟ್ಟರು.

ಮಾರ್ಚ್ 18, ಮಂಗಳವಾರ

ಇವತ್ತು ಕೆಟ್ಟ ದಿನ. ಒಂಬತ್ತೇ ಆದದ್ದು. ಪಾಸ್‌ವರ್ಡ್ ಮರೆತವರು, ಸೈಟ್ ಮಾಡಿಕೊಟ್ಟವನ ಜೊತೆ ಮಾತು ಬಿಟ್ಟವರು, ನೀವು ಕಳ್ಳರೇ ಎಂದು ಬೈದು ಇಟ್ಟವರು. ಒಬ್ಬರು ಅರ್ಧಗಂಟೆ ಮಗಳ ಮದುವೆಯ ಮಾತಾಡಿ ಆಮೇಲೆ ನಾಲ್ಕು ಹೆಜ್ಜೆ ಹಾಕಿದರು. ಮಗಳಿಗೆ ಹುಡುಗ ಒಪ್ಪಿಗೆಯಾಗಿದ್ದಾನೆ, ಹುಡುಗನ ತಾಯಿಗೆ ಇವಳು ಒಪ್ಪಿಗೆಯಾಗಿಲ್ಲ. "ಒಟ್ಟಿಗೆ ಒಂದು ಕೆಲಸ ಕೊಡಿ, ಸರಿ ಹೋಗ್ತಾರೆ" ಅಂದೆ. ಆ ಕಡೆ ಅತ್ತೆ ಹೆಡ್‌ಫೋನ್ ಸರಿಸಿ ನನ್ನನ್ನೇ ನೋಡುತ್ತಿದ್ದರು. ಯಾಕೋ ತಿಳಿಯಲಿಲ್ಲ.

ಮಾರ್ಚ್ 20, ಗುರುವಾರ

22! ಡ್ರೈವಿಂಗ್ ಸ್ಕೂಲಿನವರು ತಮ್ಮ ಊರಿನ ಎರಡು ಸೈಟುಗಳ ವಿಳಾಸ ಹಿಡಿದು ಸ್ವತಃ ಹೋಗಿ ಬಾಗಿಲು ಬಡಿದು ಬಂದರು. ಪಾರಿವಾಳದ ಅಕ್ಕ ಇನ್ನೂ ಮೂರು ಮಾಡಿಸಿದರು. ನಾವು ಕೇಳಿಯೂ ಇರಲಿಲ್ಲ. ಕೆಳಗಿನ ಲಾಂಡ್ರಿಯವರು ಬೆಳಿಗ್ಗೆ ಸಂಜೆ ಮೆಟ್ಟಿಲಿನಿಂದ "ಎಷ್ಟಾಯ್ತು?" ಎಂದು ಕೂಗುತ್ತಾರೆ, ತರಲೆ ಅಷ್ಟೇ ಗಟ್ಟಿಯಾಗಿ ಸಂಖ್ಯೆ ಕೂಗುತ್ತಾನೆ.

ಮಾರ್ಚ್ 22, ಶನಿವಾರ

1.

ಒಂದೇ ಒಂದು. ಅದರಲ್ಲಿ ಫೋನಿಲ್ಲ, ಮೇಲ್ ಇಲ್ಲ, ಊರಿನ ಹೆಸರಿಲ್ಲ. "ನಮ್ಮ ಪಾಳಿ" ಎಂಬ ತಲೆಬರಹ. ಕೆಳಗೆ ಹಳೆಯ ಫೋಟೊ, ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಸಾಲಾಗಿ ಕೂತ ಹದಿನಾರು ಹುಡುಗಿಯರು. ಅದರ ಕೆಳಗೆ ಅಡ್ಡಹೆಸರುಗಳು: ಜಡೆ, ಗುಂಡಿ, ಮೂಗುತಿ, ಸಣ್ಣಕ್ಕಿ. ಯಾರಿಗೆ ಮೊಮ್ಮಗು ಆಯಿತು, ಯಾರ ಕಣ್ಣಿನ ಆಪರೇಷನ್ ಆಯಿತು, ಯಾರು ತೀರಿಕೊಂಡರು. ಪ್ರತಿ ವಾರ ಹೊಸ ಸಾಲು ಬರುತ್ತದೆ. ಅಂದರೆ ಯಾರೋ ಬರೆಯುತ್ತಿದ್ದಾರೆ. ನರ್ಸುಗಳಿರಬೇಕು ಅಂದ ತರಲೆ. ಮೂರು ದಿನದಿಂದ ಅವನು ಆಸ್ಪತ್ರೆಗಳಿಗೆ, ನಾನು ಗಿರಣಿಗಳಿಗೆ ಫೋನ್ ಮಾಡುತ್ತಿದ್ದೇವೆ. ಯಾರಿಗೂ ಗೊತ್ತಿಲ್ಲ.

ಒಂದು ಹೋದರೆ ಹೋಗಲಿ ಎಂದು ತರಲೆ ಮೆಲ್ಲಗೆ ಅಂದ. ನನಗೆ ಸಿಟ್ಟು ನೆತ್ತಿಗೇರಿತು. ಆ ಹುಡುಗಿಯರ ಮುಖ ಮೂರು ದಿನದಿಂದ ನೋಡುತ್ತಿದ್ದೇನೆ. ಸಣ್ಣಕ್ಕಿಗೆ ಹೋದ ವಾರವಷ್ಟೇ ಮಂಡಿನೋವು ಕಡಿಮೆಯಾಗಿದೆ.

ಮಾರ್ಚ್ 23, ಭಾನುವಾರ

ಇದನ್ನು ಬರೆದೇ ತೀರಬೇಕು.

ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಹೋದೆ. ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಅವರ ಪಾಲಿಗೆ ಬಂದದ್ದು ಫೋನ್ ನಂಬರ್ ಇದ್ದ ಸೈಟುಗಳು ಮಾತ್ರ. ಇದನ್ನು ಅವರು ನೋಡಿರಲಿಲ್ಲ. "ಇದೊಂದೇ ಅತ್ತೆ ಉಳಿದದ್ದು. ನಾಳೆ ಹತ್ತಕ್ಕೆ ಇದು ಹೋಗುತ್ತೆ. ಯಾರೂಂತ ಗೊತ್ತಾಗ್ತಿಲ್ಲ" ಅಂದೆ.

ಅವರು ಸೆರಗಿಗೆ ಕೈ ಒರೆಸಿ ಕನ್ನಡಕ ಹಾಕಿಕೊಂಡರು. ಆಮೇಲೆ ಮೆಟ್ಟಿಲಿನ ಎರಡನೇ ಸಾಲಿನ ಹುಡುಗಿಯ ಮೇಲೆ ಬೆರಳಿಟ್ಟರು.

"ಇದು ನಾನು. ಸಣ್ಣಕ್ಕಿ."

"ಎಕ್ಸ್‌ಚೇಂಜಿನ ಮೆಟ್ಟಿಲು. ನಮ್ಮ ಪಾಳಿಯವರು ಇವರೆಲ್ಲ. ಈ ಸೈಟ್ ನೀನೇ ಮಾಡಿಕೊಟ್ಟಿದ್ದಲ್ವೇನೇ? ಊಟದ ಮಧ್ಯೆ ಎದ್ದು ಹೋಗಿ ಮಾಡಿದ್ದೆ. ನಾನು ಬುಧವಾರ ಬುಧವಾರ ಬರೀತೀನಲ್ಲ."

ಹೌದು. ಮೂರು ವರ್ಷದ ಹಿಂದೆ ಇವರು "ಅಮ್ಮನಿಗೊಂದು ಸೈಟ್ ಮಾಡಿಕೊಡು" ಎಂದಿದ್ದರು. ಇಪ್ಪತ್ತು ನಿಮಿಷದಲ್ಲಿ ಖಾಲಿ ಪುಟ ಮಾಡಿ, ಹೊಸ ಅಗುಳಿ ಹಾಕಿ, ಕೈ ತೊಳೆದುಕೊಂಡಿದ್ದೆ. ತಲೆಬರಹ, ಫೋಟೊ ಎಲ್ಲ ಆಮೇಲೆ ಅತ್ತೆಯೇ ಹಾಕಿಕೊಂಡದ್ದು, ನಾನು ಒಂದು ದಿನವೂ ತೆರೆದು ನೋಡಲಿಲ್ಲ. ಆ ಒಂಬತ್ತು ದಿನದಲ್ಲಿ ಕೆಟ್ಟ ಬೀಗವನ್ನು ನನ್ನ ಮನೆಗೆ ನಾನೇ ತಂದು ಹಾಕಿದ್ದೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆ ನನ್ನ ತಲೆಯ ಮೇಲೆ ಕೈ ಇಟ್ಟರು, ಹೆಚ್ಚುತ್ತಿದ್ದ ಈರುಳ್ಳಿಯನ್ನು ಆಚೆ ತಳ್ಳಿ, "ಇದರ ಮೇಲೆ ಹಾಕ್ಬಿಡು" ಅಂದರು. ಅಳುತ್ತಲೇ ನಕ್ಕೆ.

"ಪಾಸ್‌ವರ್ಡ್ ಕೊಡಿ ಅತ್ತೆ, ಮಾಡಿಬಿಡ್ತೀನಿ."

"ಕೊಡಲ್ಲ."

"ಅತ್ತೆ!"

"ಯಾರಿಗೂ ಹೇಳ್ಬೇಡಿ, ನನಗೂ ಹೇಳ್ಬೇಡಿ ಅಂತ ನೀನೇ ಹೇಳಿದ್ದು. ನನ್ನ ಮಗನಿಗೇ ಹೇಳಿಲ್ಲ. ಆ ಕಡೆ ತಿರುಗು."

ಕಿಟಕಿಯ ಕಡೆ ತಿರುಗಿ ನಿಂತೆ. ಒಂದೇ ಬೆರಳಿನಲ್ಲಿ ಟಕ್, ಟಕ್, ಟಕ್. ಎಣಿಸಿದೆ, ಇಪ್ಪತ್ತಾರು ಅಕ್ಷರ. ಈ ಎರಡು ವಾರದಲ್ಲಿ ಫೋನಿನಲ್ಲಿ ಕೇಳಿಸಿದ ಟಕ್ ಟಕ್ ಯಾರದ್ದೂ ಹನ್ನೆರಡು ದಾಟಿರಲಿಲ್ಲ. ಆಮೇಲೆ ನಾಲ್ಕು ಹೆಜ್ಜೆಗಳನ್ನು ತಾವೇ ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಡಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು ಎಕ್ಸ್‌ಚೇಂಜಿನ ದನಿಯಲ್ಲಿ "ಸಂಪರ್ಕ ಆಯ್ತು, ಮಾತಾಡಿ" ಅಂದರು.

ಮೇಷ್ಟ್ರಿಗೆ ಫೋನ್ ಮಾಡಿದೆ. ಸೊನ್ನೆ ಅಂದೆ. ಆ ಕಡೆಯಿಂದ ಮೂಗು ಏರಿಸಿದ ಸದ್ದು ಕೇಳಿತು.

ಮಾರ್ಚ್ 24, ಸೋಮವಾರ

ಹತ್ತು ಗಂಟೆಗೆ ಅವಳು ಪ್ರಕಟಿಸಿದಳು. ಹತ್ತು ಗಂಟೆ ಹನ್ನೊಂದು ನಿಮಿಷಕ್ಕೆ ದಾಳಿ ಶುರು. ತರಲೆ ನಮ್ಮ ಪರೀಕ್ಷಾ ಸೈಟಿನ ಪರದೆಯನ್ನು ಗೋಡೆಗೆ ಹಾಕಿದ್ದ. ಬಾಗಿಲು ಬಡಿದವರ ಲೆಕ್ಕ ಕಣ್ಣೆದುರೇ ಸಾವಿರ ದಾಟಿತು, ಎಂಟು ಸಾವಿರ ದಾಟಿತು. ಒಳಗೆ ಬಂದವರ ಲೆಕ್ಕ ಅಲ್ಲಾಡಲಿಲ್ಲ. ನಾವು ನಾಲ್ವರೂ ಪರದೆಯ ಮುಂದೆಯೇ ನಿಂತಿದ್ದೆವು.

ಫೋನ್ ಹೊಡೆದುಕೊಂಡಿತು. ಎತ್ತಿದೆ. ಡ್ರೈವಿಂಗ್ ಸ್ಕೂಲಿನವರು: "ಹತ್ತು ಗಂಟೆಯಿಂದ ಮೂರು ಸಾವಿರ ಸಲ ಬಡಿದಿದ್ದಾರೆ ತಾಯೀ, ಒಬ್ಬನಿಗೂ ಲೈಸೆನ್ಸ್ ಸಿಕ್ಕಿಲ್ಲ!" ಇಡುವಷ್ಟರಲ್ಲಿ ಇನ್ನೊಂದು. ಕೃತಕ ಕಾಲಿನವರು: "ಇವತ್ತು ಸೋಮವಾರ, ಗುಂಡಿ ಒತ್ತೋಕೆ ಹೋದೆ. ಒತ್ತೋದೇನೂ ಇಲ್ಲ, ಎಲ್ಲ ಹೊಸದಾಗಿದೆ ಅಂತಿದೆ." ದರ್ಜಿ, ಪಾರಿವಾಳದ ಅಕ್ಕ, ಮಗಳ ಮದುವೆಯವರು. ಹುಡುಗನ ತಾಯಿ ಒಪ್ಪಿದ್ದಾರಂತೆ. ಮಧ್ಯಾಹ್ನದವರೆಗೆ ನಾನು ಫೋನ್ ಕೆಳಗಿಡಲಿಲ್ಲ. ಹನ್ನೊಂದು ಸಾವಿರದಲ್ಲಿ ಒಂದು ಬಾಗಿಲೂ ಬೀಳಲಿಲ್ಲ! ತರಲೆ ಮೆಟ್ಟಿಲಿನಲ್ಲಿ ನಿಂತು ಸೊನ್ನೆ ಎಂದು ಕೂಗಿದ ಕೂಗಿಗೆ ಲಾಂಡ್ರಿಯವರೆಲ್ಲ ಹೊರಗೆ ಬಂದರು. ಗೆದ್ದೆವು.

ಸಂಜೆ ಮೇಷ್ಟ್ರು ನಮ್ಮ ಸೈಟಿನ "ನಮ್ಮ ಕಥೆ" ಪುಟವನ್ನು ಹೊಸದಾಗಿ ಬರೆಯಲು ಹೇಳಿದರು. ನನ್ನ ತಪ್ಪನ್ನು ಮೊದಲ ಸಾಲಿನಲ್ಲೇ ಬರೆದೆ, ಏನೂ ಅಳಿಸಲಿಲ್ಲ. ಕೆಳಗೆ ತಂಡದ ಫೋಟೊ ಮೂರಿತ್ತು, ಈಗ ನಾಲ್ಕು. ನಾಲ್ಕನೆಯದು ಮೆಟ್ಟಿಲಿನ ಎರಡನೇ ಸಾಲಿನಿಂದ ಕತ್ತರಿಸಿದ್ದು. ಹುದ್ದೆ ಏನು ಹಾಕಲಿ ಎಂದರೆ ಅತ್ತೆ "ಆಪರೇಟರ್, ಇನ್ನೇನು?" ಅಂದರು.

ನಾವು ಮನೆಗೆ ಹೊರಡುವ ಹೊತ್ತಿಗೆ ಬಿರುಕು ಹುಡುಕಿದ ಆ ಹೆಂಗಸು ಮತ್ತೆ ಬರೆದಿದ್ದಳು. ಹೊರಗಿನಿಂದ ತೆರೆಯಲಾಗದ ನಾನೂರ ಹನ್ನೆರಡು ಸೈಟುಗಳನ್ನು ಮೂರು ವಾರದಲ್ಲಿ ಸರಿಮಾಡಿದವರನ್ನು ತಾನು ಈವರೆಗೆ ಕಂಡಿಲ್ಲ, ಯಾವ ವಿಧಾನ ಬಳಸಿದಿರಿ ಎಂದು ಕೇಳಿದ್ದಳು. ಮೂವರೂ ನನ್ನ ಹಿಂದೆ ನಿಂತು ನಾನು ಏನು ಟೈಪ್ ಮಾಡುತ್ತೇನೆ ಎಂದು ನೋಡುತ್ತಿದ್ದರು. ಒಂದೇ ಸಾಲು ಬರೆದು ಕಳಿಸಿದೆ.

ನಮ್ಮತ್ತೆ ಫೋನ್ ಮಾಡಿದರು.